ಸಪ್ಪಳಿಲ್ಲದ ಗಾಡಿ, ಕೆರಿ ದಂಡಿ ತಕರಾರು

ಬ್ಯಾಟರಿ ಬೈಕಿಗೆ ಸಪ್ಪಳ ಇರಂಗಿಲ್ಲ, ಅದರ ತಕರಾರಿಗೆ ಮಾತ್ರ ಸಪ್ಪಳ ಭಾಳ. ಡಿಗ್ರಿ ನಡುವ ಬಿಟ್ಟು ಕೊಪ್ಪಳದಾಗ ಇಂಥಾ ಗಾಡಿ ಮಾರೋ ಅಂಗಡಿ ಸೇರೀನಿ. ಕಾಲೇಜಿನ್ಯಾಗ ಯಾರರ ಕಾಯ್ದೆ ಓದು ಅಂದಿದ್ರ ಎದ್ದು ಬರ್ತಿದ್ದೆ. ಈಗ ದಿನಾ ಮಂದಿಗೆ ನಾನ ಕಾಯ್ದೆ ಹೇಳ್ತೀನಿ.

೧. ಚೌಕಿನ್ಯಾಗ

ನಮ್ಮ ಓಣ್ಯಾಗಿನ ರಿಟೈರ್ಡ್ ಮಾಸ್ತರು ಒಂದು ಸಣ್ಣ ಗಾಡಿ ತಗೊಂಡ್ರು. "ವಾಕಿಂಗಿಗೆ" ಅಂದ್ರು. ನಾ ನಕ್ಕೆ.

"ನಗಬ್ಯಾಡೋ. ಮನ್ಯಾಕಿಗೆ ಮೊಣಕಾಲು ಬ್ಯಾನಿ. ಕೆರಿ ದಂಡಿ ಆ ತುದಿಗೆ ಬೇವಿನ ಕಟ್ಟಿ ಐತಲ್ಲ, ಆಕಿ ಗೆಳತ್ಯಾರು ಅಲ್ಲೇ ಕೂಡೋದು. ಆಕಿ ಅವರ ಮಾರಿ ನೋಡಿ ಭಾಳ ದಿನ ಆತು."

ಗಾಡಿ ಒರಸಿ ಕೊಟ್ಟೆ.

ಮೊದಲ ದಿನಾನ ಚೌಕಿನ್ಯಾಗ ಪೊಲೀಸಪ್ಪ ಹಿಡದ.

"ಲೈಸೆನ್ಸ್?"

"ಇದಕ್ಕ ಬೇಕಾಗಿಲ್ರಿ."

"ನಂಬರ್ ಪ್ಲೇಟ್?"

"ಅದೂ ಬೇಕಾಗಿಲ್ರಿ."

ನನಗ ಫೋನ್ ಬಂತು. "ನಿಧಾನ ಹೋಗೋ ಗಾಡಿ ಸಾಹೇಬ್ರ, ಕಾಯ್ದೆ ಹಂಗ ಐತಿ" ಅಂದೆ.

"ಮತ್ತ ನಾ ಏನ್ ಕೇಳ್ಲಿ ಇವರ್ನ?"

ಮಗ್ಗಲ್ದಾಗ ಮಾಸ್ತರ ದನಿ ಕೇಳಿಸ್ತು: "ಚಾ ಆತೇನ್ರಿ ಅಂತ ಕೇಳ್ರಿ."

೨. ಸೊಸಿ ಸುದ್ದಿ

ಕೆರಿ ದಂಡಿ ಮ್ಯಾಲೆ ಇಬ್ರು ಹೆಣ್ಮಕ್ಳು ಸೊಸಿ ಸುದ್ದಿ ಹಚ್ಗೊಂಡು ನಡದಿದ್ರು. ಹಿಂದ ಗಾಡಿ ಬಂದದ್ದು ಗೊತ್ತ ಇಲ್ಲ. ಸುದ್ದಿ ಪೂರಾ ಮುಗಿಯೋತನ ಮಾಸ್ತರ ಮನ್ಯಾಗಿನ ಅವ್ವಾರು ಹಿಂದಿನ ಸೀಟಿನ್ಯಾಗ ಕುಂತು ಕೇಳಿದ್ರು. ಆಮ್ಯಾಲೆ ಮೆತ್ತಗ ಅಂದ್ರು:

"ಇದರಾಗ ಸೊಸೀದೇನೂ ತಪ್ಪಿಲ್ಲ ಬಿಡ್ರೆವಾ."

೩. ಗೆಜ್ಜಿಸರ

ಮರುದಿನ ವಾಕಿಂಗ್ ಮಂದಿ ಮುಖಂಡ ವಾರ್ಡ್ ಮೆಂಬರ ಹತ್ರ ಹೋದ. "ಸಪ್ಪಳಿಲ್ಲದ ಗಾಡಿ, ಹುಡುಗ್ರು ಆಡ್ತಾವು, ಬಡದ್ರ ಏನ್ ಗತಿ? ದಂಡಿ ಮ್ಯಾಲೆ ಗಾಡಿ ಬಂದ್ ಮಾಡ್ರಿ."

ಮಾತು ಖರೇನ ಇತ್ತು. ಮಾಸ್ತರೂ ಒಪ್ಪಿದ್ರು. ತಮ್ಮನ ಮನಿಗೆ ಹೋಗಿ ಎತ್ತಿನ ಕೊಳ್ಳಿಗೆ ಕಟ್ಟೋ ಗೆಜ್ಜಿಸರ ತಂದು ಹ್ಯಾಂಡಲಿಗೆ ಕಟ್ಟಿದ್ರು. ಝಲ್ ಝಲ್ ಅಂದ್ರ ಮಂದಿ ಸರಿಯಾಕ ಹತ್ತಿದ್ರು. ಆದ್ರ ಕೆರ್ಯಾಗ ನೀರು ಕುಡ್ಯಾಕತ್ತಿದ್ದ ಯಾರದೋ ಎತ್ತು, ತನ್ನ ಜೋಡಿ ಹೊಂಟೈತಿ ಅಂತ ತಿಳದು ಗಾಡಿ ಬೆನ್ನ ಹತ್ತಿತು.

"ಇದಕ್ಕೇನು ಮಾಡೂಣ್ರಿ?" ಅಂದೆ.

"ಇರ್ಲಿ ಬಿಡೋ. ಚಾರ್ಜ್ ಮುಗಿದ್ರ ಗಾಡಿಗೆ ಕಟ್ಟಾಕ ಬರ್ತೈತಿ."

೪. ಪರೀಕ್ಷಾ

ಅಷ್ಟಕ್ಕ ಮುಖಂಡ ಬಿಡ್ಲಿಲ್ಲ. ಮೆಂಬರ್ರು ದಂಡಿ ಮ್ಯಾಲೇನ ಪಂಚಾಯ್ತಿ ಸೇರ್ಸಿದ್ರು. ಈ ತಕರಾರಿನ್ಯಾಗ ಅವ್ವಾರು ಇನ್ನೂ ಬೇವಿನ ಕಟ್ಟಿ ಮುಟ್ಟಿರ್ಲಿಲ್ಲ. ಬಂದ್ ಆದ್ರ ಅವರಿಗೆ ಮತ್ತ ಮನಿ ಗೋಡೀನ ಗತಿ.

ನಾ ಬಾಯಿ ಹಾಕಿದೆ: "ಜೋರ ಓಡ್ಸೋರು ರಸ್ತಾಕ್ಕ ಹೋಗ್ಲಿ. ಕಾಲು ಸೋತೋರು ನಡಿಗಿಯಷ್ಟ ನಿಧಾನ ಇಲ್ಲಿ ಬರ್ಲಿ."

"ನಡಿಗಿ ಅಂದ್ರ ಎಷ್ಟು?" ಅಂದ ಮುಖಂಡ. "ನಾ ಮುಂದ ನಡೀತೀನಿ. ಗಾಡಿ ನನ್ನ ದಾಟಿದ್ರ ಬಂದ್."

ಎದಿ ಉಬ್ಬಿಸ್ಕೊಂಡು ಹೊಂಟ. ಮಾಸ್ತರು ಹಿಂದ ಮೆಲ್ಲಕ ಬಂದ್ರು. ಬೇವಿನ ಕಟ್ಟಿ ಇನ್ನೇನು ಬಂತು ಅನ್ನೋದ್ರಾಗ ಮುಖಂಡನ ಮೀನಖಂಡ ಹಿಡದು, ಅಲ್ಲೇ ಕುಂತ್ಬಿಟ್ಟ.

ಅವ್ವಾರು ಗಾಡಿ ಇಳದ್ರು. "ಏಳ್ರಿ ಅಣ್ಣಾರ, ನೀವು ಕುಂದರ್ರಿ. ಕಟ್ಟಿ ಇಲ್ಲೇ ಐತಿ, ನಾ ನಡೀತೀನಿ."

ಕಟ್ಟಿ ಮ್ಯಾಲಿನ ಮುದುಕ್ಯಾರೆಲ್ಲಾ ಎದ್ದು ಬಂದು, ಇಬ್ರು ಅವ್ವಾರ ಕೈ ಹಿಡದ್ರು. "ಎಷ್ಟ್ ಸೊರಗೀದೆ ನಮ್ಮವ್ವಾ" ಅಂತ ಒಬ್ಬಾಕಿ ಗಲ್ಲ ಸವರಿದ್ಳು. ಅವರ ಹಿಂದ, ಅವರ ನಡಿಗಿಯಷ್ಟ ನಿಧಾನ, ಮುಖಂಡನ್ನ ಕುಂದರ್ಸ್ಕೊಂಡು ಗಾಡಿ ಬಂತು.

ಮೆಂಬರ್ರು ಕೇಳಿದ್ರು, "ಏನ್ರಿ, ಬಂದ್ ಮಾಡೂಣೇನು?"

ಮುಖಂಡ ಮಾಸ್ತರ ಹೆಗಲು ಇನ್ನೂ ಗಟ್ಟಿ ಹಿಡದ. "ಮೊದ್ಲ ನನ್ನ ಮನಿ ಮುಟ್ಟಿಸ್ಲಿ ತಡೀರಿ."