ಗಾಜಿನ ಕಪಾಟಿನ ಏಪ್ರನ್

ಆ ದಿನದ ಅಷ್ಟೂ ಅವಾಂತರಕ್ಕೆ ಕಾರಣ ಒಂದು ಮುಚ್ಚಳ. ಗಂಧಕಾಮ್ಲದ ದೊಡ್ಡ ಬಾಟಲಿಯದು. ಹೋದ ಮಳೆಗಾಲದಲ್ಲೇ ಅದು ಬಿರುಕು ಬಿಟ್ಟಿತ್ತು. ಹೊಸದು ತರಿಸಬೇಕು ಅಂತ ಅಟೆಂಡರ್ ಗಿಡ್ಡಪ್ಪ ಹೇಳಿದಾಗ ರಸಾಯನಶಾಸ್ತ್ರದ ಉಪನ್ಯಾಸಕ ಶಶಿಧರ 'ನೋಡೋಣ' ಎಂದಿದ್ದ. ಶಶಿಧರ 'ನೋಡೋಣ' ಎಂದರೆ ಆ ವಿಷಯವನ್ನು ಇನ್ನು ಯಾರೂ ನೋಡುವುದಿಲ್ಲ ಎಂದರ್ಥ. ಗಿಡ್ಡಪ್ಪ ಹಾಲಿನ ಪ್ಯಾಕೆಟ್ಟೊಂದನ್ನು ಮಡಿಸಿ ಬಾಟಲಿಯ ಬಾಯಿಗೆ ತುರುಕಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿದ. ವಿಜ್ಞಾನ ಅಲ್ಲಿಗೆ ತೃಪ್ತಿಪಟ್ಟುಕೊಂಡಿತು.

ಮೂಡಿಗೆರೆಯ ಆ ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಸುರಕ್ಷತೆಗೆ ಬಹಳ ಮರ್ಯಾದೆ ಇತ್ತು. ಎಷ್ಟು ಮರ್ಯಾದೆ ಎಂದರೆ, ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಉದ್ದ ಕೋಟಿನಂಥ ಬಿಳಿ ಏಪ್ರನ್, ರಬ್ಬರ್ ಗ್ಲೌಸ್, ಕಣ್ಣಿಗೆ ಹಾಕುವ ಗಾಗಲ್, ಎಲ್ಲ ಕಂಪನಿಯ ಕವರಿನ ಸಮೇತ ಅಲ್ಲಿ ಹೊಳೆಯುತ್ತಿದ್ದವು. ಮೈಮೇಲೆ ಆಸಿಡ್ ಬಿದ್ದರೆ ನಿಲ್ಲಲೆಂದು ಬಾಗಿಲ ಬಳಿ ಒಂದು ಶವರ್ ಇತ್ತು. ಅದಕ್ಕೆ ಹಸಿರು ಬಣ್ಣ ಹೊಡೆಸಿದ್ದರು, ನೀರಿನ ಪೈಪ್ ಮಾತ್ರ ಕೊಟ್ಟಿರಲಿಲ್ಲ. ವಿಷದ ಹೊಗೆಯನ್ನು ಹೊರಗೆ ಎಳೆದು ಬಿಡುವ ಗಾಜಿನ ಗೂಡಿನಲ್ಲಿ ಗಿಡ್ಡಪ್ಪನ ಒಣಮೀನಿನ ಬುತ್ತಿ ಇರುತ್ತಿತ್ತು. ಸ್ಟಾಫ್ ರೂಮಿನವರು ವಾಸನೆಗೆ ತಕರಾರು ಮಾಡಿದ್ದರಿಂದ ಆದ ಏರ್ಪಾಡು ಅದು. ಆ ಗೂಡು ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ.

ಶಶಿಧರನಿಗೆ ಆಸಿಡ್ ಎಂದರೆ ಪ್ರಾಣಭಯ. ಅವನು ಪ್ರಾಕ್ಟಿಕಲ್ ಮಾಡಿಸುತ್ತಿದ್ದದ್ದು ಹೊಸ್ತಿಲ ಮೇಲೆ ನಿಂತು. ಅವನ ಜೀವನದ ಆಸೆಯೆಲ್ಲ ಒಂದು ಕುರ್ಚಿಯ ಮೇಲಿತ್ತು. ಕಾಲೇಜು ನಡೆಸುವ ಟ್ರಸ್ಟಿನ ಮುಖ್ಯ ಕಚೇರಿ ಚಿಕ್ಕಮಗಳೂರಿನಲ್ಲಿ. ಅಲ್ಲಿ ಪರೀಕ್ಷಾ ವಿಭಾಗವೆಂಬ ಸ್ವರ್ಗ. ಫ್ಯಾನು, ಮೇಜು, ಬೇಕೆಂದಾಗ ಕಾಫಿ, ಸುತ್ತಮುತ್ತ ಒಂದು ತೊಟ್ಟು ಆಸಿಡ್ ಇಲ್ಲ. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಲು ಅವನು ಹಿಡಿಯದ ಕಾಲಿರಲಿಲ್ಲ.

ಅವತ್ತು ಟ್ರಸ್ಟಿನ ಅಧಿಕಾರಿ ರಾಜೀವ್ ಲ್ಯಾಬಿನ ಸುರಕ್ಷತೆ ನೋಡಲು ಬರುವವರಿದ್ದರು. ಪ್ರಿನ್ಸಿಪಾಲ್ ಚಂದ್ರಶೇಖರ ಬೆಳಿಗ್ಗೆಯೇ ಶಶಿಧರನನ್ನು ಕರೆದು, "ಲ್ಯಾಬ್ ಚೆನ್ನಾಗಿದೆ ಅಂತ ಅವ್ರ ಬಾಯಲ್ಲಿ ಬರ್ಲಿ ಮಾರಾಯ. ನಿನ್ನ ಟ್ರಾನ್ಸ್‌ಫರ್ ವಿಷಯ ನಾನೇ ಎತ್ತೀನಿ" ಎಂದರು.

ಲ್ಯಾಬ್ ಚೆನ್ನಾಗಿ ಕಾಣಿಸುವ ಕೆಲಸ ಶುರುವಾಯಿತು. ಒಡಕು ಬಾಟಲಿಗಳೆಲ್ಲ ಮೇಜಿನ ಕೆಳಗೆ ಹೋದವು. ಗಿಡ್ಡಪ್ಪ ಗಂಧಕಾಮ್ಲದ ಬಾಟಲಿಯನ್ನೂ ಎತ್ತಿ, ಮೇಜು ಒರೆಸುವಷ್ಟು ಹೊತ್ತು ಶಶಿಧರನ ಮರದ ಸ್ಟೂಲಿನ ಮೇಲಿಟ್ಟು, ಆಮೇಲೆ ಒಳಗೆ ತಳ್ಳಿದ. ಹಾಲಿನ ಪ್ಯಾಕೆಟ್ಟು ತನ್ನ ಕೈಲಾದಷ್ಟು ತಡೆದಿತ್ತು. ಉಳಿದದ್ದು ಬಾಟಲಿಯ ಮೈಮೇಲೆ ಇಳಿದು ಸ್ಟೂಲಿನ ಮೇಲೆ ಎಣ್ಣೆಯ ಹಾಗೆ ಹರಡಿಕೊಂಡಿತು.

ಶಶಿಧರ ಕಿಟಕಿಯಾಚೆ ಜೀಪು ಬಂತೇ ಎಂದು ನೋಡುತ್ತಲೇ ಬಂದು ಸ್ಟೂಲಿನ ಮೇಲೆ ಕೂತ. ಇಂಥ ದಿನಕ್ಕೆಂದೇ ಹೊಲಿಸಿದ ಹೊಸ ಕಾಟನ್ ಪ್ಯಾಂಟು.

ಮೊದಲು ಒದ್ದೆ ಅನ್ನಿಸಿತು. ಗಿಡ್ಡಪ್ಪ ಸ್ಟೂಲನ್ನೂ ಒರೆಸಿರಬೇಕು ಎಂದುಕೊಂಡ. ಆಮೇಲೆ ಬೆಚ್ಚಗಾಯಿತು. ಆಮೇಲೆ ಅವನು ಎಗರಿದ ಎತ್ತರಕ್ಕೆ ಆ ಕಾಲೇಜಿನ ಕ್ರೀಡಾಪಟುಗಳಲ್ಲಿ ಯಾರೂ ಇದುವರೆಗೆ ಎಗರಿಲ್ಲ.

"ಅಯ್ಯಯ್ಯೋ! ಉರಿ! ಗಿಡ್ಡಪ್ಪಾ, ನೀರು!"

ಹಾರಿಕೊಂಡು ಹೋಗಿ ಹಸಿರು ಶವರಿನ ಸರಪಳಿ ಎಳೆದ. ಮೇಲಿನಿಂದ ಒಂದು ಜೇಡ ಇಳಿಯಿತು. ಸರಪಳಿಯೂ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಹಿತ್ತಲಿಗೆ ಓಡಿ ನೀರಿನ ಟ್ಯಾಂಕಿನ ನಲ್ಲಿಯ ಕೆಳಗೆ ಬೆನ್ನು ಕೊಟ್ಟು ಬಗ್ಗಿ ನಿಂತ. ಗಿಡ್ಡಪ್ಪ ಬಕೆಟ್ಟಿನ ಮೇಲೆ ಬಕೆಟ್ಟು ಸುರಿದ. ನೀರೇನೋ ತನ್ನ ಕೆಲಸ ಮಾಡಿತು, ಬಹಳ ಹೊತ್ತಿನ ಮೇಲೆ ಉರಿ ಇಳಿದು, ಚರ್ಮ ಬರೀ ಕೆಂಪಾಗಿ ಉಳಿಯಿತು. ಪ್ಯಾಂಟು ಉಳಿಯಲಿಲ್ಲ. ಹಿಂಭಾಗದಲ್ಲಿ ಊಟದ ತಟ್ಟೆಯಗಲದ ಕಿಂಡಿ.

"ಸರ್, ಗಾಳಿ ಬೆಳಕು ಚೆನ್ನಾಗಿ ಬರ್ತಾ ಉಂಟು" ಎಂದ ಗಿಡ್ಡಪ್ಪ.

"ಬಾಯ್ಮುಚ್ಚು. ಏಪ್ರನ್ ಬೇಕು. ಕಪಾಟಿನ ಬೀಗದ ಕೈ ಯಾರ ಹತ್ರ?"

"ಇನ್ಯಾರ ಹತ್ರ? ಸೂಪರಿಂಟೆಂಡೆಂಟ್ ಅಮ್ಮನವ್ರ ಹತ್ರ."

ಸೂಪರಿಂಟೆಂಡೆಂಟ್ ವಿಮಲಮ್ಮ ಮಲ್ಲಂದೂರಿನ ಕಾಫಿ ತೋಟದ ಮನೆತನದವರು. ಕಾಲೇಜಿನ ಒಂದು ಸೀಮೆಸುಣ್ಣವೂ ಅವರ ಅಪ್ಪಣೆಯಿಲ್ಲದೆ ಸವೆಯುವಂತಿಲ್ಲ. ಅವರೆದುರು ಹೀಗೆ ಹೋಗುವುದು ಹೇಗೆ? ಶಶಿಧರ ಗೋಡೆಯ ಮೇಲಿದ್ದ ಮೂಲಧಾತುಗಳ ದೊಡ್ಡ ಚಾರ್ಟನ್ನು ಕಿತ್ತು ಪಂಚೆಯ ಹಾಗೆ ಸೊಂಟಕ್ಕೆ ಸುತ್ತಿಕೊಂಡು ಆಫೀಸಿಗೆ ಹೋದ. ಅಷ್ಟು ವರ್ಷದಲ್ಲಿ ಅವನು ಆ ಚಾರ್ಟನ್ನು ಮುಟ್ಟಿದ್ದು ಅದೇ ಮೊದಲು.

ವಿಮಲಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಇದೆಂಥದ್ದು ಶಶಿಧರ್ ಸರ್? ಚಾರ್ಟ್ ಯಾಕೆ ಉಟ್ಕೊಂಡಿದೀರಿ?"

"ಅಮ್ಮಾ, ಏಪ್ರನ್ ಕೊಡಿ. ಅರ್ಜೆಂಟ್."

"ಏಪ್ರನ್ನಾ? ಇವತ್ತಾ? ಇನ್‌ಸ್ಪೆಕ್ಷನ್ ದಿನ ಅದನ್ನ ಹಾಕ್ಕೊಂಡು ಕೊಳೆ ಮಾಡ್ತೀರಾ? ಸಾಹೇಬ್ರಿಗೆ ಏನು ತೋರಿಸ್ಲಿ ನಾನು?"

ಬೇರೆ ದಾರಿಯಿಲ್ಲದೆ ಶಶಿಧರ ನೆಲ ನೋಡುತ್ತಾ ಸಂಗತಿ ಹೇಳಿದ. ವಿಮಲಮ್ಮ ನಗಲಿಲ್ಲ. ಅವರಿಗೆ ಮದ್ದು ಗೊತ್ತಿತ್ತು.

"ಅಷ್ಟಕ್ಕೆ ಇಷ್ಟು ಗಲಾಟೆಯಾ? ಸುಣ್ಣ ಹಚ್ಚಿ. ನಮ್ಮ ತೋಟದ ಮಣ್ಣು ಹುಳಿಯಾದ್ರೆ ಸುಣ್ಣ ಹೊಡೆಸಲ್ವಾ? ಗಿಡಕ್ಕೆ ಆಗೋದು ನಿಮಗಾಗಲ್ವಾ?"

"ಹೌದು ಸರ್, ಆಸಿಡ್‌ಗೆ ಸುಣ್ಣ ಅಂತ ನೀವೇ ಪಾಠ ಮಾಡಿದೀರಿ" ಎಂದು ಹಿಂದೆಯೇ ಬಂದಿದ್ದ ಗಿಡ್ಡಪ್ಪ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದೇಬಿಟ್ಟ. ಬೆರಳಿಗೂ ಹಚ್ಚಿಕೊಂಡ.

"ಹತ್ರ ಬಂದ್ರೆ ನೋಡು!" ಶಶಿಧರ ಚಾರ್ಟಿನ ಸಮೇತ ಗೋಡೆಗೆ ಅಂಟಿಕೊಂಡ. "ಸುಟ್ಟ ಚರ್ಮಕ್ಕೆ ಸುಣ್ಣ ಹಚ್ಚಿದ್ರೆ ಇನ್ನೊಂದ್ಸಲ ಸುಡುತ್ತೆ ಕಣೋ! ನೀರು ಹಾಕಿದ್ದೇ ಸಾಕು!"

ಅವನು ತನ್ನ ವಿಷಯವನ್ನು ಅಷ್ಟು ಮನಮುಟ್ಟುವಂತೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಜೀಪಿನ ಸದ್ದಾಯಿತು. ವಿಮಲಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿದರು.

"ಹಾಕ್ಕೊಳ್ಳೋದಾದ್ರೆ ಎಲ್ಲಾನೂ ಹಾಕ್ಕೊಳ್ಳಿ. ಒಂದೇ ತೆಗೆದ್ರೆ ಕಪಾಟು ಹಲ್ಲು ಬಿದ್ದ ಬಾಯಿ ಹಾಗೆ ಕಾಣುತ್ತೆ."

ಹೀಗೆ, ಆ ಕಾಲೇಜಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ರಸಾಯನಶಾಸ್ತ್ರದ ಉಪನ್ಯಾಸಕನೊಬ್ಬ ಮೊಣಕಾಲಿನ ತನಕ ಏಪ್ರನ್, ಮೊಣಕೈ ತನಕ ಗ್ಲೌಸ್, ಕಣ್ಣಿಗೆ ಗಾಗಲ್ ಹಾಕಿಕೊಂಡು ಲ್ಯಾಬಿನಲ್ಲಿ ನಿಂತ. ಒಳಗೆ ಬಂದ ರಾಜೀವ್ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಮುಖ ಅರಳಿತು.

"ಕೂತ್ಕೊಳ್ಳಿ ಸರ್" ಎಂದರು ಶಶಿಧರನಿಗೆ.

"ಇಲ್ಲ ಸರ್" ಎಂದ ಶಶಿಧರ ಗಾಬರಿಯಿಂದ. "ಲ್ಯಾಬಲ್ಲಿ ನಾನು ಕೂರೋದೇ ಇಲ್ಲ. ಕೂತ್ರೆ ಅಪಾಯ."

ಆ ಕೊನೆಯ ಮಾತಂತೂ ಅಪ್ಪಟ ಸತ್ಯ. ರಾಜೀವ್ ಪ್ರಿನ್ಸಿಪಾಲರ ಕಡೆ ತಿರುಗಿ, "ಕೇಳಿದ್ರಾ?" ಎಂದರು.

ಪ್ರಿನ್ಸಿಪಾಲರು ಸಾಹೇಬರಿಗೆಂದು ತರಿಸಿದ್ದ ಶಾಲು, ಹಾರ ಕೈಗೆತ್ತಿಕೊಂಡರು. ಬಂದವರಿಗೆ ಶಾಲು ಹೊದಿಸದೆ ಕಳಿಸುವ ಪದ್ಧತಿ ಆ ಕಾಲೇಜಿನಲ್ಲಿಲ್ಲ, ವಿದ್ಯುತ್ ಬಿಲ್ ಕೊಡಲು ಬಂದವನೂ ಎಚ್ಚರದಿಂದಿರಬೇಕು. ರಾಜೀವ್ ತಡೆದರು. "ನನಗಲ್ಲ, ಇವರಿಗೆ ಹೊದಿಸಿ. ಸರ್, ಏಪ್ರನ್ ಬಿಚ್ಚಿ, ಒಂದು ಫೋಟೋ ತೆಗೆಯೋಣ."

ಶಶಿಧರ ಎರಡೂ ಕೈಯಲ್ಲಿ ಏಪ್ರನ್ ಹಿಡಿದುಕೊಂಡ. "ಕ್ಷಮಿಸಿ ಸರ್. ಪ್ರಾಣ ಹೋದ್ರೂ ಲ್ಯಾಬಲ್ಲಿ ಏಪ್ರನ್ ಬಿಚ್ಚಲ್ಲ."

ರಾಜೀವರ ಕಣ್ಣು ತುಂಬಿತು. ಏಪ್ರನ್ ಮೇಲೆಯೇ ಶಾಲು ಬಿತ್ತು, ಹಾರ ಬಿತ್ತು. ವಿಮಲಮ್ಮ ಚಪ್ಪಾಳೆ ತಟ್ಟುವಾಗಲೂ ಏಪ್ರನ್ನಿಗೆ ಹಾರದ ಹೂವಿನ ಬಣ್ಣ ತಾಗಿತೇ ಎಂದೇ ನೋಡುತ್ತಿದ್ದರು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, "ಸಾಹೇಬ್ರೆ, ಇವರದ್ದೊಂದು ಚಿಕ್ಕ ಬೇಡಿಕೆ. ಚಿಕ್ಕಮಗಳೂರಿಗೆ ಟ್ರಾನ್ಸ್‌ಫರ್..." ಎಂದರು. ಶಶಿಧರನಿಗೆ ಫ್ಯಾನಿನ ಗಾಳಿ ತಾಗಿದಂತಾಯಿತು.

"ಟ್ರಾನ್ಸ್‌ಫರ್ರಾ? ಇವರನ್ನಾ?" ರಾಜೀವ್ ನಕ್ಕರು. "ಪರೀಕ್ಷಾ ವಿಭಾಗದಲ್ಲಿ ಎರಡು ಕುರ್ಚಿ ಖಾಲಿ ಇತ್ತು. ಯಾರ ಲ್ಯಾಬ್ ಕೆಟ್ಟದಾಗಿದೆಯೋ ಅದನ್ನ ಮುಚ್ಚಿಸಿ, ಅಲ್ಲಿನ ಮೇಷ್ಟ್ರನ್ನ ಕರ್ಕೊಂಬಂದು ಕೂರಿಸಿ ಅಂತ ಟ್ರಸ್ಟಿನವರೇ ಹೇಳಿದ್ರು. ಕಳಸದ ನಮ್ಮ ಕಾಲೇಜಲ್ಲಿ ಒಬ್ಬ ಆಸಾಮಿ ಆಸಿಡ್ ಬಾಟ್ಲಿ ಪಕ್ಕ ಬೀಡಿ ಸೇದ್ತಿದ್ದ. ಅವನಿಗೊಂದು ಕುರ್ಚಿ ಆಯ್ತು. ಇನ್ನೊಂದು, ನಿಜ ಹೇಳ್ತೀನಿ, ನಿಮಗೇ ಅಂತ ಇಟ್ಟಿದ್ದೆ. ದೇವರು ದೊಡ್ಡವನು, ತಪ್ಪಿತು!"

ಶಶಿಧರನ ಗಾಗಲಿನ ಒಳಗೆ ಮಂಜು ಕಟ್ಟಿತು.

ರಾಜೀವ್ ಕಿಟಕಿಯಿಂದ ಡ್ರೈವರನ್ನು ಕೂಗಿದರು. ಜೀಪಿನ ಹಿಂದಿನಿಂದ ಮರದ ಪೆಟ್ಟಿಗೆಗಳು ಇಳಿಯತೊಡಗಿದವು. "ಕುದುರೆಮುಖದಲ್ಲಿ ನಮ್ಮ ಟ್ರಸ್ಟಿನದ್ದೊಂದು ಶಾಲೆ ಇತ್ತಲ್ಲ, ಗಣಿ ನಿಂತ ಮೇಲೆ ಮುಚ್ಚಿದ್ದು? ಅದರ ಲ್ಯಾಬಿನ ಆಸಿಡ್, ವಿಷ, ಎಲ್ಲ ಇದರಲ್ಲಿದೆ. ಲೇಬಲ್ ಗೆದ್ದಲು ತಿಂದಿದೆ. ಯಾವುದು ಯಾವುದು ಅಂತ ಗುರುತು ಹಿಡಿದು ವಿಲೇವಾರಿ ಮಾಡೋಕೆ ಒಬ್ಬ ಎಚ್ಚರದ ಮನುಷ್ಯ ಬೇಕಿತ್ತು. ಎಲ್ಲಾ ಕಾಲೇಜು ಸುತ್ತಿ ಬಂದೆ, ಇಳಿಸೋಕೆ ಧೈರ್ಯ ಬಂದಿದ್ದು ಇಲ್ಲೇ. ಇನ್ಮೇಲೆ ನಮ್ಮ ಅಷ್ಟೂ ಕಾಲೇಜಿನ ಹಳೇ ಕೆಮಿಕಲ್ ನಿಮ್ಮ ಹತ್ರಾನೇ ಬರುತ್ತೆ."

ಜೀಪು ಹಗುರಾಗಿ ಹೊರಟುಹೋಯಿತು. ಸಾಹೇಬರನ್ನು ಬೀಳ್ಕೊಟ್ಟ ಪ್ರಿನ್ಸಿಪಾಲರು ಮತ್ತೆ ಲ್ಯಾಬಿನ ತನಕವೂ ಬರದೆ ದೂರದಿಂದಲೇ ಶಹಭಾಸ್ ಹೇಳಿದರು. ವಿಮಲಮ್ಮ ಕೈ ಚಾಚಿ ನಿಂತಿದ್ದರು.

"ಇನ್‌ಸ್ಪೆಕ್ಷನ್ ಮುಗೀತಲ್ಲ. ಏಪ್ರನ್ ಬಿಚ್ಚಿ. ಗ್ಲೌಸ್, ಗಾಗಲ್ಲೂ."

"ಅಮ್ಮಾ, ಈ ಪೆಟ್ಟಿಗೆ ನೋಡಿ! ಈಗಲ್ವಾ ಬೇಕಾಗಿರೋದು!"

"ಮುಂದಿನ ಇನ್‌ಸ್ಪೆಕ್ಷನ್‌ಗೆ ಹೊಸದು ನಿಮ್ಮ ಮಾವ ಕೊಡಿಸ್ತಾರಾ?"

ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಶಶಿಧರ ಎಲ್ಲವನ್ನೂ ಬಿಚ್ಚಿಕೊಟ್ಟ. ವಿಮಲಮ್ಮ ಅವನ್ನು ಅದರದರ ಕವರಿನಲ್ಲಿ ಮಡಿಸಿಟ್ಟು, ಕಪಾಟಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಹೋದರು.

ಗಿಡ್ಡಪ್ಪ ಒಂದು ಪೆಟ್ಟಿಗೆಯೊಳಗೆ ಇಣುಕಿದ. "ಸರ್, ಇದ್ರಲ್ಲಿ ಅರ್ಧಕ್ಕರ್ಧ ಬಾಟ್ಲಿಗೆ ಮುಚ್ಚಳವೇ ಸರಿ ಇಲ್ಲ. ತರಿಸಬೇಕಲ್ವಾ?"

ಶಶಿಧರ ಶಾಲಿನ ಗಂಟು ಬಿಗಿ ಮಾಡಿಕೊಂಡು, ಹಿಂದಕ್ಕೆ ಸರಿದು ಹೊಸ್ತಿಲ ಮೇಲೆ ನಿಂತ.

"ನೋಡೋಣ" ಎಂದ.

ಗಿಡ್ಡಪ್ಪ ಹಾಲಿನ ಪ್ಯಾಕೆಟ್ಟು ಕೇಳಿಕೊಂಡು ಬರಲು ಕ್ಯಾಂಟೀನಿಗೆ ಹೋದ.