ಕ್ರಿಸ್‌ಮಸ್ ತಾತನಾಗಿ ನಾನು ಕೊಟ್ಟ ಮಾತು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಕಚೇರಿಯಲ್ಲಿ ಸಾಹೇಬರು ಗಂಟೆ ಒತ್ತಿದರೆ ಅದು ಯಾರಿಗೆ ಅಂತ ತಿಳಿಯುವ ಮೊದಲೇ ಎದ್ದು ನಿಂತಿರುತ್ತೇನೆ. ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ನಿಲ್ಲುವ ತನಕ ನೋಡುತ್ತಾ ಕೂರುತ್ತೇನೆ. ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತನಾಗಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಬಡ್ತಿ ಬಂದರೆ ಇನ್ನಷ್ಟು ಜನರ ಜೊತೆ ಮಾತಾಡಬೇಕಾಗುತ್ತದಲ್ಲ ಎಂದು ಅದಕ್ಕೂ ಹೆದರಿದವನು ನಾನು.

ಇದಕ್ಕೆಲ್ಲ ಟಿವಿಯೇ ಕಾರಣ ಅಂತ ನನ್ನ ವಾದ. ನಾನು ಚಿಕ್ಕವನಿದ್ದಾಗ ಹರಪನಹಳ್ಳಿಯ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಅದೂ ಅಕ್ಕಿ ಅಂಗಡಿಯವರ ಮನೆಯಲ್ಲಿ. ಎರಡು ಬಾಗಿಲಿನ ಮರದ ಪೆಟ್ಟಿಗೆಯೊಳಗೆ ಕಪ್ಪು ಬಿಳುಪಿನ ಟಿವಿ. ಮಾಳಿಗೆಯ ಮೇಲೆ ಒಬ್ಬರು ಆಂಟೆನಾ ತಿರುಗಿಸುತ್ತಾ "ಬಂತಾ?" ಅನ್ನುವುದು, ಕೆಳಗಿದ್ದವರೆಲ್ಲ "ಬಂತು, ಬಂತು, ಅಯ್ಯೋ ಹೋತು" ಅನ್ನುವುದು. ಮಂಡಕ್ಕಿ ಮುಕ್ಕುತ್ತಾ ನೆಲದ ಮೇಲೆ ಒತ್ತೊತ್ತಾಗಿ ಕೂತ ಆ ಸಂಜೆಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಆದರೆ ವಾರಕ್ಕೊಂದು ದಿನ ದೆವ್ವದ ಧಾರಾವಾಹಿ ಬರುತ್ತಿತ್ತು. ಅದು ಹಿಂದಿಯಲ್ಲಿ. ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಆದರೆ ದೆವ್ವಕ್ಕೆ ಭಾಷೆಯ ಅಗತ್ಯವೇನೂ ಇರಲಿಲ್ಲ. ನಾನು ಅಕ್ಕನ ಬೆನ್ನ ಹಿಂದೆ ಕಣ್ಣು ಮುಚ್ಚಿಕೊಂಡು ಕೂತು "ಅಕ್ಕಾ, ಹೋತಾ?" ಅಂತ ಕೇಳುತ್ತಿದ್ದೆ. "ಹೋತು, ಕಣ್ಣು ತೆಗಿಯಲೇ" ಅನ್ನುತ್ತಿದ್ದಳು. ತೆಗೆದರೆ ಟಿವಿಯ ತುಂಬಾ ಅದರದೇ ಮುಖ. ಅಂದಿನಿಂದ ನಾನು ಟಿವಿಯನ್ನೂ ನಂಬಲಿಲ್ಲ, ಅಕ್ಕನನ್ನೂ ನಂಬಲಿಲ್ಲ. ಮದುವೆಯಾದ ಮೇಲೂ ಹೆಂಡತಿ ಸರೋಜ ಧಾರಾವಾಹಿ ನೋಡುವಾಗ ನಾನು ಅಡುಗೆಮನೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತೇನೆ.

ಇಂಥವನನ್ನು ಹೋದ ಡಿಸೆಂಬರಿನಲ್ಲಿ ಪಕ್ಕದ ಮನೆಯ ಸುಗುಣಮ್ಮ ಸಿಸ್ಟರ್ ಹುಡುಕಿಕೊಂಡು ಬಂದರು. ಅವರು ನರ್ಸು. ನಮ್ಮ ಓಣಿಯ ಕೊನೆಯಲ್ಲಿರುವ ಪುಟ್ಟ ಪ್ರಾರ್ಥನಾ ಮಂದಿರದ ಕ್ರಿಸ್‌ಮಸ್ ಕೆಲಸವೆಲ್ಲ ಅವರ ಮೇಲೆಯೇ. "ಸರ, ನಮ್ಮಣ್ಣ ದವಡಿ ಹಲ್ಲು ಕೀಳಿಸ್ಯಾನ, ಮಾರಿ ಬಾತು ಇಷ್ಟು ದಪ್ಪ ಆಗೈತಿ. ಈ ಸಲ ಕ್ರಿಸ್‌ಮಸ್ ತಾತ ನೀವ ಆಗಬೇಕ್ರಿ" ಅಂದರು. ನಾನು ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಅಂತ ತಿರುಗಿ ನೋಡಿದೆ. "ನಿಮಗ ಹೇಳಾಕತ್ತೇನ್ರಿ. ಹೆಂಗೂ ಹೊಟ್ಟಿ ಐತಿ, ದಿಂಬು ಕಟ್ಟೋದು ಉಳೀತೈತಿ." ಒಲ್ಲೆ ಅನ್ನಬೇಕು ಅಂತ ಬಾಯಿ ತೆರೆದೆ. ಆದರೆ ಈ ಊರಿನಲ್ಲಿ ನನಗೆ ಜ್ವರ ಬಂದಾಗಲೆಲ್ಲ ಸೂಜಿ ಚುಚ್ಚುವವರು ಅವರೇ. ಅಂಥವರಿಗೆ ಇಲ್ಲ ಅನ್ನುವಷ್ಟು ಗಂಡಸು ನಾನಲ್ಲ. "ಆಗ್ಲಿ ಬಿಡ್ರಿ" ಅಂದೆ. "ಮಕ್ಕಳು ಬಂದು ಕಿವ್ಯಾಗ ಆಸೆ ಹೇಳ್ತಾವ. ಎಲ್ಲಾದಕ್ಕೂ 'ಆಗ್ಲಿ' ಅಂದು ಚಾಕಲೇಟ್ ಕೊಡ್ರಿ, ಅಷ್ಟ" ಅಂತ ಧೈರ್ಯ ಹೇಳಿದರು.

ಕ್ರಿಸ್‌ಮಸ್ ಸಂಜೆ ಐದು ಗಂಟೆಗೆ ಕೆಂಪಂಗಿ ತೊಡಿಸಿ, ಬ್ಯಾಂಡೇಜ್ ಹತ್ತಿಯ ಗಡ್ಡ ಅಂಟಿಸಿದರು. ಓಣಿಯ ಎಲ್ಲ ಮನೆಗಳ ಮಕ್ಕಳೂ ಕೇಕಿಗೆ ಅಂತ ಬಂದಿದ್ದರು. ನನ್ನನ್ನು ನೋಡಿದ ಕೂಡಲೇ ಒಂದು ಕೈಗೂಸು ಕಿಟಾರನೆ ಕಿರುಚಿತು. ಅದಕ್ಕೆ ಬೆಚ್ಚಿ ನಾನೂ ಕಿರುಚಿದೆ. ತಾತ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಸಾಲಾಗಿ ಬಂದರು. ಒಬ್ಬಳಿಗೆ ಸೈಕಲ್ ಬೇಕಂತೆ, ಆಗ್ಲಿ. ಒಬ್ಬನಿಗೆ ಬ್ಯಾಟು, ಆಗ್ಲಿ. ಇನ್ನೊಬ್ಬ "ನಮ್ಮ ಗಣಿತದ ಟೀಚರಿಗೆ ಬ್ಯಾರೆ ಊರಿಗೆ ವರ್ಗ ಆಗ್ಲಿ" ಅಂದ. ಅದಕ್ಕೂ ಆಗ್ಲಿ ಅಂದುಬಿಟ್ಟು, ಆ ಟೀಚರು ಅಲ್ಲೇ ಎಲ್ಲಾದರೂ ಇದ್ದಾರೆಯೇ ಎಂದು ದಿಗಿಲಿನಿಂದ ಹುಡುಕಿದೆ.

ಕೊನೆಗೆ ಬಂದವಳು ಪಲ್ಲವಿ. ಹಿಂದಿನ ಓಣಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಕೊಟ್ರೇಶಿಯ ಮಗಳು, ಎಂಟು ವರ್ಷದವಳು. ನನ್ನ ಕಿವಿಗೆ ಬಾಯಿಟ್ಟು "ತಾತ, ನಮ್ಮಜ್ಜಿ ದಾವಣಗೇರಿ ದವಾಖಾನ್ಯಾಗ ಅದಾಳ. ಎದಿ ಆಪರೇಷನ್ ಅಂತ. ಮನಿಗೆ ಬರ್ತಾಳಾ?" ಅಂದಳು. ಗಂಟಲಲ್ಲಿದ್ದ "ಆಗ್ಲಿ" ಹೊರಗೆ ಬರಲಿಲ್ಲ. ಕೈಯಲ್ಲಿದ್ದ ಚಾಕಲೇಟನ್ನು ಅವಳು ತೆಗೆದುಕೊಳ್ಳಲಿಲ್ಲ, ನನ್ನ ಬೆರಳು ಹಿಡಿದುಕೊಂಡು ಉತ್ತರಕ್ಕೆ ಕಾದಳು. ನನಗೆ ಕೈಕಾಲು ನಡುಗತೊಡಗಿತು. ಹೆದರಿದವನ ಬಾಯಿಗೆ ಬೀಗ ಇರುವುದಿಲ್ಲ ನೋಡಿ, "ಬರ್ತಾಳವ್ವ, ಖಂಡಿತ ಬರ್ತಾಳ. ಹೊಸ ವರ್ಷಕ್ಕ ಮನ್ಯಾಗಿರ್ತಾಳ" ಅಂದುಬಿಟ್ಟೆ.

ಗಡ್ಡ ಕಿತ್ತ ಮೇಲೆ ಸುಗುಣಮ್ಮ ಸಿಸ್ಟರ್‌ಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಯಾರು ಹೇಳಿದ್ರು ಸರ ನಿಮಗ ತಾರೀಖು ಕೊಡಾಕ? ನಾವು ನರ್ಸುಗಳೇ ಕೊಡಂಗಿಲ್ಲ. ಪಲ್ಲವಿ ಅಜ್ಜಿ, ಹಾಲಮ್ಮಜ್ಜಿಗೆ ವಯಸ್ಸಾಗೈತಿ, ಸಕ್ಕರಿ ಕಾಯಿಲಿ ಬ್ಯಾರೆ" ಅಂದರು. ಆ ದಿನದಿಂದ ಅನ್ನ ಸೇರಲಿಲ್ಲ. ಅಜ್ಜಿಗೆ ಏನಾದರೂ ಹೆಚ್ಚುಕಡಿಮೆಯಾದರೆ, ಆ ಮಗು ಇನ್ನು ಜೀವಮಾನದಲ್ಲಿ ಯಾರ ಮಾತನ್ನಾದರೂ ನಂಬೀತೇ?

ಮರುದಿನ ಕಚೇರಿಯಿಂದ ಬರುವಾಗ, ಪಂಪ್‌ಸೆಟ್ಟೇ ಇಲ್ಲದ ನಾನು ಪಂಪ್‌ಸೆಟ್ ವಿಷಯ ಕೇಳುವ ನೆವ ಮಾಡಿಕೊಂಡು ಕೊಟ್ರೇಶಿಯ ಮನೆಗೆ ಹೋದೆ. ಹೆಂಡತಿ ದಾವಣಗೆರೆಯಲ್ಲಿ ಅತ್ತೆಯ ಹತ್ತಿರ ಇದ್ದುದರಿಂದ ಅಪ್ಪ ಮಗಳು ಇಬ್ಬರೇ ಇದ್ದರು. ಪಲ್ಲವಿ ಟಿವಿ ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. "ಅಜ್ಜಿ ಮೊಮ್ಮಗಳು ಏಳು ಗಂಟಿ ಧಾರಾವಾಹಿ ಒಂದು ದಿನ ಬಿಟ್ಟೋರಲ್ರಿ. ಈಗ ದಿನಾ ಕಥಿ ಬರದಿಡ್ತಾಳ, ಅಜ್ಜಿ ಬಂದ ಮ್ಯಾಲೆ ಓದಿ ಹೇಳ್ತಾಳಂತ. ಡಾಕ್ಟ್ರು ನೋಡಿದ್ರ ಈಗ ಏನೂ ಹೇಳಾಕ ಬರಂಗಿಲ್ಲ ಅಂತಾರ" ಅಂತ ಕೊಟ್ರೇಶಿ ದನಿ ತಗ್ಗಿಸಿದ. ಟಿವಿಯ ಕಡೆ ಕಣ್ಣು ಹಾಯಿಸಿದೆ. ಅಲ್ಲಿಯೂ ಒಬ್ಬ ಅಜ್ಜಿ. ಅವಳು ಮೆಟ್ಟಿಲ ಮೇಲಿಂದ ಜಾರುತ್ತಿದ್ದಾಳೆ!

ಅಂದಿನಿಂದ ನಾನೂ ಸರೋಜಳ ಪಕ್ಕ ಕೂತು ಆ ಧಾರಾವಾಹಿ ನೋಡತೊಡಗಿದೆ. ಸೊಪ್ಪು ಬಿಡಿಸುವವರಿಲ್ಲದೆ ಅವಳಿಗೆ ಆಶ್ಚರ್ಯ. ಆ ಅಜ್ಜಿ ಮೂರು ಸಂಜೆ ಸತತವಾಗಿ ಬಿದ್ದಳು. ನಾಲ್ಕನೆಯ ಸಂಜೆ ಆಸ್ಪತ್ರೆ ಸೇರಿದಳು. ಟಿವಿಯ ಅಜ್ಜಿ ಸತ್ತರೆ ಪಲ್ಲವಿ ಏನು ಬರೆದುಕೊಳ್ಳುತ್ತಾಳೆ, ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಾಳೆ ಅನ್ನುವುದೇ ನನ್ನ ಚಿಂತೆ. "ಸರೋಜಾ, ಉಳೀತಾಳೇನ?" ಅಂತ ಕೇಳಿದೆ. "ಅಕಿ ಸತ್ರ ಧಾರಾವಾಹಿ ಹೆಂಗ ನಡಿಸ್ತಾರ್ರಿ? ಸುಮ್ನ ಕುಂದರ್ರಿ" ಅಂದಳು. ಧಾರಾವಾಹಿಗೆ ಇರುವ ಆ ನಿಯಮ ದಾವಣಗೆರೆಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ವರ್ಷದ ಕೊನೆಯ ದಿನ ಬೆಳಿಗ್ಗೆ ಕೊಟ್ರೇಶಿ ಮನೆಗೇ ಬಂದ. ನಾಳೆ ಆಪರೇಷನ್, ರಕ್ತ ಬೇಕು, ಇವನದೊಂದು ಆಗುತ್ತದೆ, ಇನ್ನೊಬ್ಬರು ಬೇಕು. "ಗೊತ್ತಿದ್ದೋರ್ನೆಲ್ಲ ಕೇಳಿದ್ನಿರಿ. ನಿಮಗ ಸೂಜಿ ಅಂದ್ರ ಆಗಂಗಿಲ್ಲ ಅಂತ ಸಿಸ್ಟರ್ ಹೇಳ್ಯಾರ, ನಿಮ್ಮನ್ನ ಕೇಳಂಗಿಲ್ಲ. ಕಚೇರ್ಯಾಗ ಯಾರನ್ನಾದ್ರೂ ಕೇಳಿ ನೋಡ್ರಿ" ಅಂದ. ಸೂಜಿಯನ್ನು ನೆನೆದೆ. ಬೆರಳು ಹಿಡಿದು ಕಾದು ನಿಂತಿದ್ದ ಹುಡುಗಿಯನ್ನೂ ನೆನೆದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಅಂತ ನನಗೇ ಗೊತ್ತಾಯಿತು. ಅಂಗಿ ಹಾಕಿಕೊಂಡು ಬಂದೆ.

ಕೊಟ್ಟೂರು, ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವ ತನಕ ಬಸ್ಸು ನಿಂತ ಪ್ರತಿ ನಿಲ್ದಾಣದಲ್ಲೂ ಇಳಿದು ಓಡಬೇಕು ಅನ್ನಿಸುತ್ತಿತ್ತು. ಆದರೆ ಕಿಟಕಿ ಪಕ್ಕ ಕೂತಿದ್ದೆ, ಇಳಿಯಬೇಕಾದರೆ ಕೊಟ್ರೇಶಿಯನ್ನು ಏಳಿಸಬೇಕಾಗುತ್ತಿತ್ತು. ದವಾಖಾನೆಯಲ್ಲಿ ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿದರು. ಅವರು ತಂದ ಸೂಜಿ ನಮ್ಮ ಸಿಸ್ಟರ್ ಸೂಜಿಗಿಂತ ದೊಡ್ಡದಿತ್ತು. ಅದನ್ನು ನೋಡಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ನರ್ಸೊಬ್ಬಳು "ಮುಗೀತು, ಏಳಿ ಅಂಕಲ್, ಜ್ಯೂಸ್ ಕುಡೀರಿ" ಅನ್ನುತ್ತಿದ್ದಳು. ಕೊಟ್ರೇಶಿ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದ. ನನಗೂ ಅಳು ಬಂತು, ಅದು ಯಾವ ಕಾರಣಕ್ಕೆ ಅಂತ ಅವನಿಗೆ ಹೇಳಲಿಲ್ಲ.

ಹೊಸ ವರ್ಷ ಬಂತು, ಅಜ್ಜಿ ಬರಲಿಲ್ಲ. ಆಪರೇಷನ್ ಆಗಿದೆ, ಆದರೆ ಇನ್ನೂ ಐಸಿಯುನಲ್ಲಿದ್ದಾಳೆ ಅಂತ ಸುದ್ದಿ. ಪಲ್ಲವಿ ಕಣ್ಣಿಗೆ ಬೀಳಬಾರದು ಅಂತ ನಾನು ಒಂದು ವಾರ ಸಂತೆ ಮೈದಾನ ಸುತ್ತಿಕೊಂಡು ಕಚೇರಿಗೆ ಹೋದೆ. ಫೋನು ಬಂದರೆ ಸರೋಜಳ ಕೈಗೆ ಕೊಟ್ಟು ಆಚೆ ಹೋಗಿ ನಿಲ್ಲುತ್ತಿದ್ದೆ. ಎಂಟನೆಯ ದಿನ ಅವಳು ಫೋನು ಕೆಳಗಿಟ್ಟು "ಹಾಲಮ್ಮಜ್ಜಿ ಮನಿಗೆ ಬಂದಾಳಂತ್ರಿ" ಅಂದಾಗ, ಪಕ್ಕದಲ್ಲೇ ಗೋಡೆ ಇದ್ದದ್ದು ಒಳ್ಳೆಯದಾಯಿತು.

ಸಂಜೆ ಇಬ್ಬರೂ ಮೋಸಂಬಿ ತೆಗೆದುಕೊಂಡು ಹೋದೆವು. ಅಜ್ಜಿ ಟಿವಿ ಎದುರಿನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಪಲ್ಲವಿ ನೋಟ್‌ಬುಕ್ ಹಿಡಿದು ಓದುತ್ತಿದ್ದಳು. "ಮೂರು ದಿನ ಬೀಳ್ತಾಳಾ? ನಾ ಬಿದ್ದಿದ್ರ ಒಂದ ಕ್ಷಣಕ್ಕ ಬೀಳ್ತಿದ್ದೆ" ಅಂತ ಅಜ್ಜಿ ಸಿಟ್ಟಾದಳು. ದನಿ ಸಣ್ಣದಾಗಿತ್ತು, ಸಿಟ್ಟು ಮಾತ್ರ ಸೊರಗಿರಲಿಲ್ಲ. ನಮ್ಮನ್ನು ನೋಡಿ "ಬರ್ರಿ, ಈ ಸಣ್ಣಾಕಿ ದಿನಾ ಬೇಡಿಕೊಂಡಾಳ, ಅದಕ್ಕ ಬಂದೆ" ಅಂದಳು. ನಾನು "ಏನು ಬೇಡಿದ್ದಿಯವ್ವ?" ಅಂತ ಪಲ್ಲವಿಯನ್ನು ಕೇಳಿದೆ.

"ಕ್ರಿಸ್‌ಮಸ್ ತಾತ ಅಜ್ಜಿ ಬರ್ತಾಳ ಅಂದಿದ್ದ. ಆದ್ರ ಅವನ ಕೈ ಗಡಗಡ ನಡುಗ್ತಿತ್ರಿ. ಪಾಪ, ಇವನ ಕೈಲಿ ಏನೂ ಆಗಂಗಿಲ್ಲ ಅಂತ ನಂಗ ಅವಾಗ್ಲೇ ಗೊತ್ತಾತು" ಅಂದಳು. "ಅದಕ್ಕ ನಾನ ದಿನಾ ದೇವರಿಗೆ ಎರಡು ಬೇಡ್ಕೊಂಡೆ. ಅಜ್ಜಿ ಮನಿಗೆ ಬರ್ಲಿ, ಆ ತಾತಗ ಧೈರ್ಯ ಬರ್ಲಿ ಅಂತ. ಅಜ್ಜಿ ಬಂದ್ಲು. ತಾತಂದು ಗೊತ್ತಿಲ್ಲ."

ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಬಂದಿರಬೇಕವ್ವ" ಅಂದೆ. ಇನ್ನೂ ಬಂದಿಲ್ಲ ಅಂತ ಹೇಳಲು ನನಗೆ ಧೈರ್ಯ ಸಾಲಲಿಲ್ಲ.