ಅಳಿಯನ ಉಪ್ಪು, ಅತ್ತೆಯ ರಂಗೋಲಿ

"ಈ ಸಲದ ಚಳಿಗಾಲ ನಮ್ಮ ಗೇಟಿನ ತನಕ ಬಂದು, ಕೈಮುಗದು ವಾಪಸ್ ಹೋಗಬೇಕು. ಹಂಗ ಬಂದೋಬಸ್ತ್ ಮಾಡ್ತೀನಿ ನೋಡು!" ಎಂದು ಉಳವಪ್ಪ ಘೋಷಿಸಿದಾಗ ಹೆಂಡತಿ ಸಂಜನಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮೊದಲ ಬಚ್ಚಲದಾಗಿನ ಬಲ್ಬ್ ಹಾಕ್ರಿ" ಎಂದಳು.

ಉಳವಪ್ಪ ಗದಗಿನವನು. ಗ್ರೀನ್ ಕಾರ್ಡ್ ಎಂಬ ಕೆಲಸದ ಪರವಾನಗಿ ತೋರಿಸಿ ಜರ್ಮನಿ ಕಂಪ್ಯೂಟರ್ ಜನರನ್ನು ಕರೆದಾಗ ಬಂದ ಮೊದಲ ಹಿಂಡಿನಲ್ಲಿ ಇವನೂ ಇದ್ದ. ಸಿಂಡೆಲ್‌ಫಿಂಗೆನ್‌ನಲ್ಲಿ ಕೆಲಸ, ಪಕ್ಕದ ಸಣ್ಣ ಊರಿನಲ್ಲಿ ಅಂಗಳವಿರುವ ಬಾಡಿಗೆ ಮನೆ. ಕೆಲಸ ಏನು ಗೊತ್ತೆ? ಕಾರು ಹಿಮದ ಮೇಲೆ ಜಾರದಂತೆ ಬ್ರೇಕಿಗೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಬರೆಯುವುದು. ಹೀಗಾಗಿ ಜಾರುವ ವಿಷಯದಲ್ಲಿ ತನಗಿಂತ ತಿಳಿದವರು ಯುರೋಪಿನಲ್ಲೇ ಇಲ್ಲ ಎಂದು ಅವನ ನಂಬಿಕೆ.

ಮನೆಯೊಡತಿ ಫ್ರೌ ಐಸೆಲೆ ಮಾತ್ರ ಅದನ್ನು ನಂಬಿರಲಿಲ್ಲ. "ಹಿಂದಿನ ಬಾಡಿಗೆಯವರು ಅಂಗಳ ನೋಡಿಕೊಳ್ಳದೆ ಅಂಚೆಯವನ ಸೊಂಟ ಮುರಿದರು. ಶನಿವಾರ ಬೆಳಗ್ಗೆ ಬರುತ್ತೇನೆ. ಮನೆ ಚಳಿಗಾಲಕ್ಕೆ ತಯಾರಾಗಿದ್ದರೆ ಕರಾರು ಮುಂದುವರಿಯುತ್ತದೆ. ಯಾರಾದರೂ ಜಾರಿ ಬಿದ್ದರೆ ಮಾರ್ಚಿಗೆ ಮನೆ ಖಾಲಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೋಗಿದ್ದಳು. ಸಂಜನಾ ತುಂಬಿದ ಬಸುರಿ. ಹಸಿಗೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಪರದೇಶಿಗಳಿಗೆ ಮನೆ ಕೊಡುವವರನ್ನು ಹುಡುಕುತ್ತ ಅಲೆಯುವುದನ್ನು ನೆನೆದಾಗಲೆಲ್ಲ ಉಳವಪ್ಪ ಎದ್ದು ಹೋಗಿ ಅಂಗಳ ನೋಡಿ ಬರುತ್ತಿದ್ದ.

ಮಗಳ ಬಾಣಂತನಕ್ಕೆಂದು ಅತ್ತೆ ಮಹಾಂತಮ್ಮ ಆಗಲೇ ಗದಗಿನಿಂದ ಬಂದಿಳಿದಿದ್ದರು. ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ದೊಡ್ಡ ಚೀಲ ರಂಗೋಲಿ ಪುಡಿ. ವಿಮಾನ ನಿಲ್ದಾಣದಲ್ಲಿ ಆ ಬಿಳಿ ಪುಡಿಯನ್ನು ಮೂಸಿದ ಪೊಲೀಸ್ ನಾಯಿ ಸೀನಿ ಸೀನಿ ಸುಸ್ತಾಗಿತ್ತಂತೆ.

ಶುಕ್ರವಾರ ಸಂಜೆ ಉಳವಪ್ಪ ಕಚ್ಚೆ ಬಿಗಿದ. ಗುಲಾಬಿ ಗಿಡಗಳಿಗೆ ಗೋಣಿಚೀಲ ಸುತ್ತಿದ. ಅಂಗಳದ ನಳದ ನೀರೆಲ್ಲ ಬಸಿದು ಅದಕ್ಕೂ ಬೆಚ್ಚಗೆ ಹೊದಿಸಿದ. ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಅಳಿಯಂದ್ರ, ನನ್ನ ಸ್ವೆಟರ್ ಎಲ್ಲೇನರ ಕಂಡೀರೇನು?"

"ನಳಕ್ಕ ಹಾಕೇನ್ರಿ ಅತ್ತಿ."

"ನಳಕ್ಕ? ಅದೇನು ಬಸುರಿ ಐತೇನು?"

ಕೊನೆಗೆ ಬ್ರಹ್ಮಾಸ್ತ್ರ! ಅಂಗಡಿಯಿಂದ ಹೊತ್ತು ತಂದ ಉಪ್ಪಿನ ಪೊಟ್ಟಣಗಳನ್ನೆಲ್ಲ ಒಡೆದು, ಹೊಸ್ತಿಲಿನಿಂದ ಗೇಟಿನವರೆಗೆ ಸುರಿದ. ಉಪ್ಪಿದ್ದಲ್ಲಿ ಹೆಪ್ಪು ನಿಲ್ಲದು, ಹೆಪ್ಪಿಲ್ಲದಲ್ಲಿ ಯಾರೂ ಜಾರರು. ಈ ಶಾಸ್ತ್ರವನ್ನು ಯಾರಿಗೂ ಹೇಳದೆ ಹೋಗಿ ಮಲಗಿದ. ಅಲ್ಲೇ ಎಡವಿದ್ದು ನೋಡಿ.

ಬೆಳಗ್ಗೆ ಎದ್ದು ಬರುವಷ್ಟರಲ್ಲಿ ಮಹಾಂತಮ್ಮ ಮಿಂದು, ವಿಭೂತಿ ಹಚ್ಚಿಕೊಂಡು, ಯುದ್ಧ ಗೆದ್ದವರ ಹಾಗೆ ಚಹಾ ಕುಡಿಯುತ್ತಿದ್ದರು.

"ಅಳಿಯಂದ್ರ, ಅಂಜಬ್ಯಾಡ್ರಿ. ಯಾರೋ ನಮ್ಮ ಮನಿಗೆ ಮಾಟ ಮಾಡಿಸಿದ್ರು. ಬಸುರಿ ಇರೋ ಮನಿ ಹೊಸ್ತಿಲಕ್ಕ ಉಪ್ಪ ಚೆಲ್ಲಿ ಹೋಗಿದ್ರು, ಅವರ ಕೈ ಸೇದಿ ಹೋಗಲಿ."

ಉಳವಪ್ಪನ ಕೈ ಅಂಗಿಯ ಗುಂಡಿಯ ಮೇಲೇ ನಿಂತಿತು. "ಆ ಉಪ್ಪ ಏನ ಮಾಡಿದ್ರಿ?"

"ಎಲ್ಲಾ ಗುಡಿಸಿ ಚೆಲ್ಲಿ, ಅಂಗಳಕ್ಕ ನೀರ ಹೊಡದು ತೊಳದೆ. ಹಂಗ ಹಸಿ ಇದ್ದಾಗನ ಗೇಟಿನ ತನಕ ರಂಗೋಲಿ ಹಾಕಿ ಬಿಟ್ಟೆ."

"ನೀರ ಹಾಕಿದ್ರಿ? ಈ ಚಳಿಯಾಗ?"

"ಬಿಸಿನೀರ ಹಾಕೇನ್ರಿ. ನನಗೇನು ಅಷ್ಟೂ ತಿಳಿಯಂಗಿಲ್ಲೇನು?"

ಉಳವಪ್ಪ ಕಿಟಕಿಗೆ ಹಾರಿದ. ಅಂಗಳ ಕನ್ನಡಿಯಾಗಿತ್ತು. ನಡುವೆ ಹೊಸ್ತಿಲಿನಿಂದ ಗೇಟಿನವರೆಗೆ ಕಮಲ, ಬಳ್ಳಿ, ಮತ್ತೆ ಕಮಲ. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಫ್ರೌ ಐಸೆಲೆ! ಕೈಯಲ್ಲಿ ಊರುಗೋಲು ಬೇರೆ.

"ನೈನ್! ನೈನ್!" ಎಂದು ಜರ್ಮನ್‌ನಲ್ಲಿ ಬೇಡ ಬೇಡ ಎನ್ನುತ್ತ ಲುಂಗಿಯಲ್ಲೇ ಬಾಗಿಲು ತೆರೆದು ಓಡಿದ. ತಲೆಯಲ್ಲಿ ಹೆಂಡತಿ, ಹುಟ್ಟಲಿರುವ ಕೂಸು, ಕೈತಪ್ಪುವ ಮನೆ ಎಲ್ಲ ಇತ್ತು. ಆದರೆ ಕಾಲು ಗದಗಿನದು. ಅತ್ತೆ ಹಾಕಿದ ರಂಗೋಲಿಯನ್ನು ಅಳಿಯನಾದವನು ತುಳಿಯುವುದುಂಟೆ? ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಬ್ರೇಕ್ ಪಂಡಿತನಿಗೆ ಬ್ರೇಕೇ ಹತ್ತಲಿಲ್ಲ. ಧೊಪ್ಪನೆ ಕುಂಡೆಯ ಮೇಲೆ ಬಿದ್ದು, ಸರ್ರನೆ ಜಾರಿ, ಮನೆಯೊಡತಿಯ ಬೂಟಿನ ಬಳಿ ನಿಂತ.

ಅವಳೋ, ಒಂದು ಕಮಲದ ಮೇಲೆ ಬಲಗಾಲು, ಇನ್ನೊಂದರ ಮೇಲೆ ಎಡಗಾಲು ಇಟ್ಟು ಕಂಬದಂತೆ ನಿಂತಿದ್ದಳು. ಹಸಿ ನೆಲಕ್ಕೆ ಬಿದ್ದ ರಂಗೋಲಿಯ ಕಲ್ಲಿನ ಪುಡಿ ಹೆಪ್ಪಿನಲ್ಲಿ ಕಚ್ಚಿಕೊಂಡು ತುರಿಮಣೆಯ ಹಾಗೆ ಒರಟಾಗಿತ್ತು. ಅವಳು ಬಗ್ಗಿ ಚೂರು ಕೆರೆದು ನೋಡಿದಳು.

"ಇದು ಉಪ್ಪಲ್ಲ ತಾನೆ? ನಮ್ಮ ಊರಿನಲ್ಲಿ ಉಪ್ಪು ಹಾಕಿದರೆ ದಂಡ. ಗಿಡ ಸಾಯುತ್ತವೆ."

"ಅಲ್ಲ. ಕಲ್ಲಿನ ಪುಡಿ" ಎಂದ ಉಳವಪ್ಪ, ನೆಲದಿಂದಲೇ.

"ಅದೇ ಹಾಕಬೇಕಾದ್ದು! ಆದರೆ ಇಷ್ಟು ಅಚ್ಚುಕಟ್ಟಾಗಿ, ಅಳತೆ ಹಿಡಿದು ಯಾರೂ ಹಾಕಿದ್ದನ್ನು ನಾನು ನೋಡಿಲ್ಲ. ಯಾರ ಕೆಲಸ?"

ಅವನು ಬಾಗಿಲಲ್ಲಿ ನಿಂತಿದ್ದ ಅತ್ತೆಯತ್ತ ಕೈ ತೋರಿಸಿದ. "ಆದರೆ ನಾನು ಬಿದ್ದೆನಲ್ಲ. ಮನೆ..."

"ಮಾಡಿದ ದಾರಿ ಬಿಟ್ಟು ನಡೆಯುವವರಿಗೆ ನಾನೇನು ಮಾಡಲಿ?" ಎಂದಳು ಫ್ರೌ ಐಸೆಲೆ. "ಮನೆ ನಿಮ್ಮದೇ. ಆದರೆ ಚಳಿಗಾಲ ಮುಗಿಯುವವರೆಗೆ ಅಂಗಳ ಹೀಗೇ ಇರಬೇಕು."

"ಏನಂತಾಳ್ರಿ ಆಕಿ?" ಎಂದರು ಮಹಾಂತಮ್ಮ.

"ನಿಮ್ಮ ರಂಗೋಲಿ ಚಲೋ ಐತಂತ್ರಿ."

"ಚಲೋ ಅಂತ ತುಳೀತಾರೇನು? ತಿಳಿಗೇಡಿ."

ಸಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತುಳದಾಕಿ ನಿಂತ್ಲು, ಮರ್ಯಾದಿ ಕೊಟ್ಟಾವ ಬಿದ್ದ!"

ಕೂಸು ಹುಟ್ಟಿತು. ಗಂಡು, ಗುಂಡುಗುಂಡಗೆ. ಅತ್ತೆಗೆ ಬಾಣಂತಿಯ ಕೋಣೆ ಬಿಟ್ಟು ಹೊರಬರಲು ಪುರಸೊತ್ತಿಲ್ಲ. ಕರಾರಿನ ಮಾತು ಮಾತೇ ಅಲ್ಲವೆ? ಹಾಗಾಗಿ ಈಗ ದಿನಾ ಬೆಳಗ್ಗೆ ಕಿವಿಗೆ ಮಫ್ಲರ್ ಕಟ್ಟಿ, ಹಿಮದಲ್ಲಿ ಮಂಡಿಯೂರಿ, ನಮ್ಮ ಬ್ರೇಕ್ ಪಂಡಿತ ಚುಕ್ಕಿ ಇಡುತ್ತಾನೆ. ಅಂಚೆಯವನು ನಿಂತು ನೋಡಿ ಹೋಗುತ್ತಾನೆ. ಮಹಾಂತಮ್ಮ ಕೂಸನ್ನು ಎತ್ತಿಕೊಂಡು ಕಿಟಕಿಗೆ ಬರುತ್ತಾರೆ.

"ಇಂಜಿನಿಯರ್ ಅಂತೀರಿ, ಒಂದು ಗೆರಿ ನೆಟ್ಟಗ ಎಳಿಯಾಕ ಬರಂಗಿಲ್ಲಲ್ರೀ. ಅಳಿಸಿ ಮತ್ತೊಮ್ಮೆ ಹಾಕ್ರಿ."